ನೆರವು ಬೇಕು, ನೆರವಿಗೊಂದು ಗಡುವೂ ಬೇಕು

2025ರ ಏಪ್ರಿಲ್ ಕೊನೆಯಲ್ಲಿ ವಿಡಿಯೊ ಗೇಮ್‌ಗಳ ಮಾರುಕಟ್ಟೆಯಲ್ಲಿ ಹಳೆಯ ಗಡಿಯೊಂದು ಅಳಿಸಿಹೋಯಿತು. ಮೈಕ್ರೊಸಾಫ್ಟ್ ಸಂಸ್ಥೆಯ ‘ಫೋರ್ಜಾ ಹೊರೈಜನ್ 5’ ಎಂಬ ಕಾರು ಓಟದ ಆಟವು ಪ್ರತಿಸ್ಪರ್ಧಿ ಸೋನಿ ಸಂಸ್ಥೆಯ ಪ್ಲೇಸ್ಟೇಷನ್ 5 ಯಂತ್ರಕ್ಕೂ ಮಾರಾಟಕ್ಕೆ ಬಂದಿತು. ಅದಕ್ಕೆ ಹಿಂದಿನ ಇಪ್ಪತ್ತು ವರ್ಷಗಳಲ್ಲಿ ಫೋರ್ಜಾ ಸರಣಿಯ ಒಂದು ಆಟವೂ ಸೋನಿಯ ಹೊಸ್ತಿಲು ತುಳಿದಿರಲಿಲ್ಲ. ಅದೇ ವರ್ಷದ ಜುಲೈನಲ್ಲಿ ಮೈಕ್ರೊಸಾಫ್ಟ್ ಸುಮಾರು 9,000 ಉದ್ಯೋಗಗಳನ್ನು ಕಡಿತಗೊಳಿಸಿದಾಗ, ಫೋರ್ಜಾ ಸರಣಿಯನ್ನು ಹುಟ್ಟುಹಾಕಿದ ಟರ್ನ್ 10 ಸ್ಟುಡಿಯೊಗೂ ಅದರ ಬಿಸಿ ತಟ್ಟಿತು. ಸೋನಿಯ ‘ಗ್ರ್ಯಾನ್ ಟುರಿಸ್ಮೊ’ ಮತ್ತು ಮೈಕ್ರೊಸಾಫ್ಟ್‌ನ ‘ಫೋರ್ಜಾ’ಗಳ ನಡುವಣ ಎರಡು ದಶಕಗಳ ಪೈಪೋಟಿಯ ಒಂದು ಅಧ್ಯಾಯ ಮುಗಿದಂತೆ ಕಾಣುತ್ತದೆ. ಅದು ಉಳಿಸಿಹೋಗುವ ಪಾಠವೇನೆಂದು ಕೇಳಲು ಇದು ಸೂಕ್ತ ಕಾಲ.

ಮಕ್ಕಳ ಆಟದ ಸುದ್ದಿಗೆ ಈ ಪುಟದಲ್ಲೇನು ಕೆಲಸ ಎಂದು ಓದುಗರಿಗೆ ಅನ್ನಿಸಬಹುದು. ಎರಡು ಕಾರಣಗಳಿಂದ ನಾನು ಹಾಗೆ ಭಾವಿಸುವುದಿಲ್ಲ. ಮೊದಲನೆಯದಾಗಿ, ಕಲಿಯುವವನಿಗೆ ಎಷ್ಟು ನೆರವು ಕೊಡಬೇಕು, ಅದನ್ನು ಯಾವಾಗ ಹಿಂತೆಗೆಯಬೇಕು ಎಂಬುದು ಎಲ್ಲ ಸರ್ಕಾರಗಳನ್ನೂ ಕಾಡುವ ಪ್ರಶ್ನೆ. ಈ ಆಟಗಳು ಅದನ್ನು ಕೋಟ್ಯಂತರ ಜನರ ನಡುವೆ ಪ್ರಯೋಗಿಸಿ ನೋಡಿವೆ. ಗ್ರ್ಯಾನ್ ಟುರಿಸ್ಮೊ ಸರಣಿಯೊಂದೇ 2022ರ ವೇಳೆಗೆ 9 ಕೋಟಿ ಪ್ರತಿಗಳ ಮಾರಾಟವನ್ನು ದಾಟಿತ್ತು. ಎರಡನೆಯದಾಗಿ, ಭಾರತದಲ್ಲಿ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳು ಸಿಮ್ಯುಲೇಟರ್ ಹೊಂದಿರಬೇಕೆಂದು 2021ರಲ್ಲಿ ನಿಯಮ ಬಂದಿದೆ. ಪರದೆಯ ಮೇಲಿನ ಕಾರು ನಿಜವಾದ ಕಾರಿಗೆ ಎಷ್ಟು ಹತ್ತಿರ ಎಂಬುದು ಇನ್ನು ಬರಿಯ ಆಟಗಾರರ ವಾಗ್ವಾದವಲ್ಲ.

ಎರಡೂ ಆಟಗಳ ತತ್ವಗಳನ್ನು ಮೊದಲು ನೋಡೋಣ. ಜಪಾನಿನ ಕಜುನೊರಿ ಯಮಾವುಚಿ ನೇತೃತ್ವದ ತಂಡ 1997ರ ಡಿಸೆಂಬರ್‌ನಲ್ಲಿ ಹೊರತಂದ ಮೊದಲ ಗ್ರ್ಯಾನ್ ಟುರಿಸ್ಮೊದಲ್ಲಿ ಆಟಗಾರನು ಪ್ರಮುಖ ಸ್ಪರ್ಧೆಗಳಿಗೆ ಇಳಿಯುವ ಮುನ್ನ ಲೈಸೆನ್ಸ್ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕಿತ್ತು. ನಿಗದಿತ ಗೆರೆಯೊಳಗೆ ಕಾರು ನಿಲ್ಲಿಸುವುದು, ಒಂದೇ ಒಂದು ತಿರುವನ್ನು ನಿಗದಿತ ಸಮಯದಲ್ಲಿ ದಾಟುವುದು ಮುಂತಾದ ಪಾಠಗಳಿದ್ದವು. ಮೊದಲು ಅರ್ಹತೆ, ಆಮೇಲೆ ರಸ್ತೆ ಎಂಬುದು ಅದರ ನಿಲುವು.

2005ರ ಮೇ ತಿಂಗಳಲ್ಲಿ ಬಂದ ಫೋರ್ಜಾ ಮೋಟರ್‌ಸ್ಪೋರ್ಟ್ ಬೇರೆ ದಾರಿ ಹಿಡಿಯಿತು. ರಸ್ತೆಯ ಮೇಲೆಯೇ ಒಂದು ಬಣ್ಣದ ಗೆರೆ ಎಳೆದು ತೋರಿಸಿತು: ಹಸಿರಿದ್ದರೆ ವೇಗ ಹೆಚ್ಚಿಸಿ, ಹಳದಿಯಾದರೆ ತಗ್ಗಿಸಿ, ಕೆಂಪಾದರೆ ಬ್ರೇಕ್ ಹಾಕಿ. ಚಕ್ರಗಳು ಸಿಕ್ಕಿಕೊಳ್ಳದಂತೆ, ಕಾರು ಜಾರದಂತೆ ಕಾಯುವ ನೆರವುಗಳನ್ನೂ ಕೊಟ್ಟಿತು. ಮೊದಲು ರಸ್ತೆಗಿಳಿಯಿರಿ, ಕೈ ಕುದುರಿದಂತೆ ಊರುಗೋಲುಗಳನ್ನು ಒಂದೊಂದಾಗಿ ಬಿಡಿ ಎಂಬುದು ಅದರ ನಿಲುವು.

ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಚಾಲನಾ ನೆರವು ಒಂದು ಬಗೆಯ ಸಬ್ಸಿಡಿ. ಅದಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 1998ರ ‘ಗ್ರ್ಯಾನ್ ಪ್ರಿ ಲೆಜೆಂಡ್ಸ್’ ಉದಾಹರಣೆ. ಅಮೆರಿಕದ ಪಪೈರಸ್ ಸಂಸ್ಥೆ 1967ರ ಫಾರ್ಮುಲಾ ಒನ್ ಋತುವನ್ನು ಆಧರಿಸಿ ತಯಾರಿಸಿದ ಈ ಆಟದ ನೈಜತೆಯನ್ನು ಬಲ್ಲವರು ಇಂದಿಗೂ ಹೊಗಳುತ್ತಾರೆ. ಆದರೆ ಹೊಸಬರಿಗೆ ಒಂದು ಸುತ್ತು ಮುಗಿಸುವುದೇ ಸಾಹಸವಾಗಿತ್ತು. ವ್ಯಾಪಾರದಲ್ಲಿ ಅದು ಸೋತಿತು. ಅದಕ್ಕೆ ಕೆಲವು ವರ್ಷ ಮೊದಲೇ ಬ್ರಿಟನ್ನಿನ ಜೆಫ್ ಕ್ರಾಮಂಡ್ ತಮ್ಮ ಫಾರ್ಮುಲಾ ಒನ್ ಆಟದಲ್ಲಿ ಜಾಣ ಉಪಾಯವೊಂದನ್ನು ಕಂಡುಕೊಂಡಿದ್ದರು. ತಾನಾಗಿ ಬ್ರೇಕ್ ಹಾಕುವುದು, ತಾನಾಗಿ ಗೇರ್ ಬದಲಿಸುವುದು ಮುಂತಾದ ನೆರವುಗಳನ್ನು ಒಂದೊಂದು ಕೀಲಿಗೆ ಒಪ್ಪಿಸಿ, ಆಟಗಾರ ಮೇಲಿನ ದರ್ಜೆಗೆ ಏರಿದಂತೆ ಅವು ಒಂದೊಂದಾಗಿ ಕೈಬಿಟ್ಟುಹೋಗುವಂತೆ ಮಾಡಿದ್ದರು. ಸಬ್ಸಿಡಿ ಇತ್ತು, ಅದಕ್ಕೆ ಗಡುವೂ ಇತ್ತು.

ಫೋರ್ಜಾ ಸರಣಿಯ ಹಲವು ಆವೃತ್ತಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ನೆರವನ್ನು ಸ್ವಇಚ್ಛೆಯಿಂದ ಬಿಟ್ಟವರಿಗೆ ಗೆದ್ದ ಹಣದ ಮೇಲೆ ಶೇಕಡಾವಾರು ಬಹುಮಾನ ದೊರೆಯುತ್ತಿತ್ತು. ಅಡುಗೆ ಅನಿಲದ ಸಬ್ಸಿಡಿಯನ್ನು ಸ್ವಇಚ್ಛೆಯಿಂದ ಬಿಟ್ಟುಕೊಡಿ ಎಂದು 2015ರಲ್ಲಿ ಕೇಂದ್ರ ಸರ್ಕಾರ ಉಳ್ಳವರ ಔದಾರ್ಯಕ್ಕೆ ಮನವಿ ಮಾಡಿದ್ದು ನೆನಪಿರಬಹುದು. ಈ ಆಟ ಔದಾರ್ಯವನ್ನು ನಂಬಲಿಲ್ಲ, ಲೆಕ್ಕಾಚಾರವನ್ನು ನಂಬಿತು. ಬಿಟ್ಟವನಿಗೆ ಲಾಭ, ಇಟ್ಟುಕೊಂಡವನಿಗೆ ಶಿಕ್ಷೆಯಿಲ್ಲ. ಆಡಳಿತದಲ್ಲಿದ್ದವರು ಗಮನಿಸಬೇಕಾದ ಏರ್ಪಾಡು ಇದು.

ಆದರೆ ನೆರವುಗಳೆಲ್ಲವೂ ಒಂದೇ ಜಾತಿಯವಲ್ಲ. ಬ್ರೇಕ್ ಎಲ್ಲಿ ಹಾಕಬೇಕೆಂದು ತೋರಿಸುವ ಗೆರೆ ಕಲಿಸುತ್ತದೆ. ಅದನ್ನು ಅಳಿಸಿದ ಮೇಲೂ ಕಲಿತದ್ದರಲ್ಲಿ ಸ್ವಲ್ಪವಾದರೂ ಉಳಿಯುತ್ತದೆ. 2009ರ ಫೋರ್ಜಾ ಮೋಟರ್‌ಸ್ಪೋರ್ಟ್ 3ರಲ್ಲಿ ಬಂದ ‘ರಿವೈಂಡ್’ ಬೇರೆ ಬಗೆಯದು. ಕಾರು ಗೋಡೆಗೆ ಗುದ್ದಿದರೆ ಒಂದು ಗುಂಡಿ ಒತ್ತಿ ಕಾಲವನ್ನೇ ಕೆಲವು ಕ್ಷಣ ಹಿಂದಕ್ಕೆ ತಿರುಗಿಸಬಹುದು. ಅದೇ ತಿರುವನ್ನು ಮತ್ತೆ ಮತ್ತೆ ಅಭ್ಯಾಸ ಮಾಡಲು ಇದು ಒಳ್ಳೆಯ ಸಾಧನ, ನಿಜ. ಆದರೆ ಅದು ತಪ್ಪನ್ನು ತಿದ್ದುವುದಕ್ಕಿಂತ ತಪ್ಪಿನ ಫಲವನ್ನೇ ಇಲ್ಲವಾಗಿಸುತ್ತದೆ. ಮೊದಲನೆಯದು ಕೌಶಲಕ್ಕೆ ಕೊಡುವ ಸಬ್ಸಿಡಿ, ಎರಡನೆಯದು ಅಜಾಗರೂಕತೆಗೆ ಮಾಡುವ ಸಾಲ ಮನ್ನಾ.

ಈ ವ್ಯತ್ಯಾಸ ಪರದೆಗೆ ಮಾತ್ರ ಸೀಮಿತವಲ್ಲ. ಸುರಕ್ಷತೆ ಹೆಚ್ಚಿದರೆ ಚಾಲಕ ಅದರ ಒಂದು ಪಾಲನ್ನು ಹೆಚ್ಚಿನ ವೇಗವಾಗಿ ಪರಿವರ್ತಿಸಿಕೊಳ್ಳುತ್ತಾನೆ ಎಂದು ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್ 1975ರಲ್ಲಿ ವಾದಿಸಿದರು. 1980ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಟ್ಯಾಕ್ಸಿಗಳಲ್ಲಿ ಕೆಲವಕ್ಕೆ ಮಾತ್ರ ಎಬಿಎಸ್ ಬ್ರೇಕ್ ಇದ್ದಾಗ ನಡೆದ ಪ್ರಸಿದ್ಧ ಅಧ್ಯಯನದಲ್ಲಿ, ಆ ಟ್ಯಾಕ್ಸಿಗಳ ಅಪಘಾತಗಳು ನಿರೀಕ್ಷಿಸಿದಂತೆ ಇಳಿಯಲಿಲ್ಲ. ಅವುಗಳ ಚಾಲಕರು ಹೆಚ್ಚು ಧಾಡಸಿಯಾಗಿ ಓಡಿಸುತ್ತಿದ್ದರು. ಪೆಲ್ಟ್ಸ್‌ಮನ್ ವಾದದ ಪ್ರಮಾಣದ ಬಗ್ಗೆ ಇಂದಿಗೂ ಭಿನ್ನಾಭಿಪ್ರಾಯವಿದೆ. ಆದರೆ ನೆರವು ನಡತೆಯನ್ನು ಬದಲಿಸುತ್ತದೆ ಎಂಬುದನ್ನು ಅಲ್ಲಗಳೆಯುವುದು ಕಷ್ಟ.

ಹಾಗೆಂದು ಎಲ್ಲ ನೆರವನ್ನೂ ಕಿತ್ತೊಗೆಯುವುದೇ ನೈಜತೆ ಎಂಬ ಕಟ್ಟಾ ಅಭಿಮಾನಿಗಳ ವಾದವನ್ನೂ ನಾನು ಒಪ್ಪಲಾರೆ. ಇಂದಿನ ಸಾಮಾನ್ಯ ಕಾರಿನಲ್ಲಿ ಎಬಿಎಸ್ ಇರುತ್ತದೆ. ನಮ್ಮಲ್ಲಿ 125 ಸಿಸಿ ಮೀರಿದ ದ್ವಿಚಕ್ರ ವಾಹನಗಳಿಗೂ 2019ರ ಏಪ್ರಿಲ್‌ನಿಂದ ಅದು ಕಡ್ಡಾಯವಾಗಿದೆ. ಅಂಥ ವಾಹನದ ಆಟದಲ್ಲಿ ಎಬಿಎಸ್ ತೆಗೆದರೆ ಆಟ ಕಷ್ಟವಾಗುತ್ತದೆಯೇ ಹೊರತು ನೈಜವಾಗುವುದಿಲ್ಲ. ಫಾರ್ಮುಲಾ ಒನ್ ಕೂಡ ಎಬಿಎಸ್ ಹಾಗೂ ಚಕ್ರ ಜಾರದಂತೆ ತಡೆಯುವ ವ್ಯವಸ್ಥೆಯನ್ನು 1994ರಲ್ಲಿ ನಿಷೇಧಿಸಿತು, ಎರಡನೆಯದನ್ನು 2001ರಲ್ಲಿ ಮರಳಿ ಬಿಟ್ಟುಕೊಂಡಿತು, 2008ರಲ್ಲಿ ಮತ್ತೆ ನಿಷೇಧಿಸಿತು. ಅದಲ್ಲದೆ, ನಿಜವಾದ ಚಾಲಕ ಕಣ್ಣಿನಿಂದ ಮಾತ್ರ ಕಾರು ಓಡಿಸುವುದಿಲ್ಲ. ಕಾರು ಜಾರತೊಡಗಿದ್ದು ಆಸನದ ಮೂಲಕ ಬೆನ್ನಿಗೆ ತಿಳಿಯುತ್ತದೆ, ಬ್ರೇಕಿನ ಬಿಗಿ ಎದೆಗೆ ತಿಳಿಯುತ್ತದೆ. ಮನೆಯ ಕುರ್ಚಿಯಲ್ಲಿ ಕುಳಿತವನಿಗೆ ಆ ಇಂದ್ರಿಯಗಳು ಮೂಕವಾಗಿರುತ್ತವೆ. ಅವು ಹೇಳಬೇಕಾದುದನ್ನು ಆ ಬಣ್ಣದ ಗೆರೆ ಒಂದಿಷ್ಟು ಹೇಳಿದರೆ ಅದು ಮೋಸವಲ್ಲ, ಭರ್ತಿ.

ಇನ್ನು ಪೈಪೋಟಿಯ ಮಾತು. ಸ್ಪರ್ಧೆ ಗುಣಮಟ್ಟವನ್ನು ಹೆಚ್ಚಿಸುತ್ತದೆ ಎಂದು ನಾವೆಲ್ಲ ಪಠ್ಯಪುಸ್ತಕದಲ್ಲಿ ಓದಿದವರು. ಕೊಳ್ಳುವವನು ಗುಣವನ್ನು ಅಳೆಯಬಲ್ಲನಾದರೆ ಮಾತ್ರ ಆ ಮಾತು ಸರಿ. ಜಾರ್ಜ್ ಅಕರ್ಲಾಫ್ 1970ರಲ್ಲಿ ಇದನ್ನು ವಿವರಿಸಲು ಆರಿಸಿಕೊಂಡ ಉದಾಹರಣೆಯೂ ಕಾರಿನದೇ: ಹಳೆಯ ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಅಂಥ ಮಾರುಕಟ್ಟೆಯಲ್ಲಿ ಒಳ್ಳೆಯ ಸರಕಿಗೆ ತಕ್ಕ ಬೆಲೆ ಸಿಗುವುದಿಲ್ಲ. ಟೈರಿನ ಹಿಡಿತದ ಗಣಿತ ಸರಿಯಿದೆಯೇ ಎಂಬುದನ್ನು ರೇಸ್ ಕಾರನ್ನು ಮುಟ್ಟಿಯೂ ನೋಡದ ಗ್ರಾಹಕ ಹೇಗೆ ಪರೀಕ್ಷಿಸಬೇಕು? ಅವನು ಎಣಿಸಬಲ್ಲದ್ದು ಕಾರುಗಳನ್ನು, ಮೆಚ್ಚಬಲ್ಲದ್ದು ಚಿತ್ರದ ಹೊಳಪನ್ನು.

ಆದ್ದರಿಂದ ಪೈಪೋಟಿಯೂ ಎಣಿಕೆಯ ಕಡೆಗೇ ವಾಲಿತು. ಮೊದಲ ಗ್ರ್ಯಾನ್ ಟುರಿಸ್ಮೊದಲ್ಲಿ ಸುಮಾರು 140 ಕಾರುಗಳಿದ್ದವು. ನಾಲ್ಕನೆಯದರಲ್ಲಿ 700ಕ್ಕೂ ಹೆಚ್ಚು. ಹಲವು ಸಲ ಮುಂದೂಡಿ 2010ರ ನವೆಂಬರ್‌ನಲ್ಲಿ ಬಂದ ಐದನೆಯದರಲ್ಲಿ 1,000ಕ್ಕೂ ಹೆಚ್ಚು. ಆ ಸಾವಿರದಲ್ಲಿ ಒಳಾಂಗಣ ಸಮೇತ ಹೊಸದಾಗಿ ರೂಪಿಸಿದವು ಸುಮಾರು 200 ಮಾತ್ರ. ಉಳಿದವು ಹಿಂದಿನ ಆಟಗಳಿಂದ ತಂದವು.

ಇದೇ ಹೊತ್ತಿನಲ್ಲಿ, ಹೆಚ್ಚು ಮುಖ್ಯವಾದ ಪ್ರಶ್ನೆಯೊಂದು ಬಹುಕಾಲ ಹಿಂದೆ ಬಿದ್ದಿತ್ತು. ನಾಲ್ಕನೆಯ ಗ್ರ್ಯಾನ್ ಟುರಿಸ್ಮೊದಲ್ಲಿ ಕಾರು ಗೋಡೆಗೆ ಬಡಿದರೂ ಗೀರು ಬೀಳುತ್ತಿರಲಿಲ್ಲ. ಹಾಗಾಗಿ ಬ್ರೇಕ್ ಹಾಕುವ ಬದಲು ಗೋಡೆಗೆ ಒರಗಿಕೊಂಡೇ ತಿರುಗುವುದು ಲಾಭದ ದಾರಿಯಾಗಿತ್ತು. ಪರವಾನಗಿ ಕೊಡುವ ಕಾರು ತಯಾರಕರು ತಮ್ಮ ಸರಕು ನಜ್ಜುಗುಜ್ಜಾಗುವುದನ್ನು ತೋರಿಸಲು ಹಿಂಜರಿಯುತ್ತಾರೆ ಎಂಬುದನ್ನೂ ಮರೆಯುವಂತಿಲ್ಲ. ಗುದ್ದಿದರೆ ಕಾರಿನ ಓಟವೇ ಕುಂದುವಂತೆ 2005ರಲ್ಲಿ ಫೋರ್ಜಾ ಮಾಡಿ ತೋರಿಸಿತು. 2010ರಲ್ಲಿ ಗ್ರ್ಯಾನ್ ಟುರಿಸ್ಮೊ ಕೂಡ ಹಾನಿಯನ್ನು ತೋರಿಸತೊಡಗಿತು. ಪೈಪೋಟಿಯ ನಿಜವಾದ ಫಲ ಇದು. ಎದುರಾಳಿ ಇಲ್ಲದಿದ್ದರೆ ಗೋಡೆಗೆ ಒರಗುವ ಸುಖ ಇನ್ನೂ ಹೆಚ್ಚು ಕಾಲ ನಡೆಯುತ್ತಿತ್ತೆಂಬುದು ನನ್ನ ಅನುಮಾನ.

ಪರದೆಯ ಕಲಿಕೆ ವ್ಯರ್ಥವಲ್ಲ ಎಂಬುದಕ್ಕೂ ಸಾಕ್ಷ್ಯವಿದೆ. ನಿಸ್ಸಾನ್ ಮತ್ತು ಸೋನಿ 2008ರಿಂದ 2016ರವರೆಗೆ ನಡೆಸಿದ ಜಿಟಿ ಅಕಾಡೆಮಿ ಯೋಜನೆ ಆಟಗಾರರನ್ನು ನಿಜವಾದ ರೇಸ್ ಕಾರುಗಳಲ್ಲಿ ಕೂರಿಸಿತು. ಅದರ ಮೊದಲ ವಿಜೇತ, ಸ್ಪೇನಿನ ಲೂಕಾಸ್ ಒರ್ಡೊನ್ಯೆಸ್, 2011ರ ಲೆ ಮಾನ್ಸ್ 24 ಗಂಟೆಗಳ ಓಟದಲ್ಲಿ ತಮ್ಮ ವಿಭಾಗದಲ್ಲಿ ಎರಡನೆಯ ಸ್ಥಾನ ಪಡೆದ ತಂಡದಲ್ಲಿದ್ದರು. 2011ರ ವಿಜೇತ, ಬ್ರಿಟನ್ನಿನ ಯಾನ್ ಮಾರ್ಡನ್‌ಬರೊ ಅವರ ಕಥೆ 2023ರಲ್ಲಿ ಚಲನಚಿತ್ರವಾಯಿತು. ಅದೇ ಮಾರ್ಡನ್‌ಬರೊ ಅವರ ಕಾರು 2015ರಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಗಾಳಿಗೆದ್ದು ಬೇಲಿ ದಾಟಿದಾಗ ಪ್ರೇಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. ಆ ದುರಂತಕ್ಕೆ ಆಟವನ್ನು ದೂರುವುದು ಅನ್ಯಾಯ. ಆದರೆ ರಿವೈಂಡ್ ಗುಂಡಿಯಿರುವ ಲೋಕಕ್ಕೂ ಅದಿಲ್ಲದ ಲೋಕಕ್ಕೂ ಇರುವ ಅಂತರವನ್ನು ಅದು ತೋರಿಸುತ್ತದೆ. ಅಕಾಡೆಮಿ ಕೂಡ ಆಟದ ವಿಜೇತರನ್ನು ನೇರವಾಗಿ ಓಟಕ್ಕೆ ಕಳುಹಿಸಲಿಲ್ಲ. ನಡುವೆ ನಿಜವಾದ ಕಾರಿನಲ್ಲಿ ಕಠಿಣ ತರಬೇತಿಯಿತ್ತು.

ಈ ಅನುಭವವನ್ನು ನಮ್ಮ ನೆಲಕ್ಕೆ ತಂದು ನೋಡಬೇಕಾಗಿದೆ. ಭಾರತದ ರಸ್ತೆಗಳಲ್ಲಿ 2022ರಲ್ಲಿ 1,68,491 ಮಂದಿ ಸತ್ತರು. 2021ರ ಜುಲೈ 1ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಮಾನ್ಯತೆ ಪಡೆದ ಕೇಂದ್ರದಲ್ಲಿ ತರಬೇತಿ ಮುಗಿಸಿ ಅಲ್ಲಿನ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಆರ್‌ಟಿಒ ಕಚೇರಿಯಲ್ಲಿ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕಿಲ್ಲ. ಉದ್ದೇಶ ಒಳ್ಳೆಯದೇ. ಆದರೆ ಸರ್ಕಾರಿ ಪರಿವೀಕ್ಷಕನ ಕೆಲಸದ ಒಂದು ಭಾಗ ಹೀಗೆ ತರಬೇತಿ ಕೇಂದ್ರಕ್ಕೆ ವರ್ಗವಾಗುವಾಗ, ಆ ಕೇಂದ್ರದ ಸಾಧನಗಳ ಗುಣಮಟ್ಟದ ಬಗ್ಗೆ ಕೇಳುವ ಹಕ್ಕು ಸಾರ್ವಜನಿಕರಿಗೆ ಇರಬೇಕು.

ಟೆಂಡರ್ ಕಡತಗಳನ್ನು ಕಂಡವರಿಗೆ ಒಂದು ಸತ್ಯ ಗೊತ್ತು. ಎಣಿಸಲು ಬರುವುದು ಕಾಗದದ ಮೇಲೆ ಗೆಲ್ಲುತ್ತದೆ: ಎಷ್ಟು ಪರದೆ, ಎಷ್ಟು ಅಂಗುಲ, ಯಾರದು ಕನಿಷ್ಠ ದರ. ಸಾವಿರ ಕಾರುಗಳ ಮಾರುಕಟ್ಟೆಯಲ್ಲಿ ನಡೆದದ್ದೂ ಇದೇ. ಸಿಮ್ಯುಲೇಟರ್ ಕೊಳ್ಳುವಾಗಲಾದರೂ ಮೂರು ಪ್ರಶ್ನೆಗಳನ್ನು ಕೇಳಬೇಕು. ಕಲಿಯುವವನು ಮುಂದುವರಿದಂತೆ ನೆರವುಗಳು ಹಂತಹಂತವಾಗಿ ಹಿಂದೆ ಸರಿಯುತ್ತವೆಯೇ? ತಪ್ಪಿಗೆ ಫಲ ಕಾಣಿಸುತ್ತದೆಯೇ, ಅಂದರೆ ಮಳೆಯಲ್ಲಿ ತಡವಾಗಿ ಬ್ರೇಕ್ ಹಾಕಿದವನ ಎದುರು ಪಾದಚಾರಿ ಬಂದರೆ ಏನಾಗುತ್ತದೆ ಎಂಬುದನ್ನು ಯಂತ್ರ ಮುಚ್ಚಿಡದೆ ತೋರಿಸುತ್ತದೆಯೇ? ಪರದೆಯ ಕಾರು ನಿಲ್ಲುವ ದೂರವೂ ನಿಜವಾದ ಕಾರು ನಿಲ್ಲುವ ದೂರವೂ ಹೊಂದುತ್ತವೆಯೇ ಎಂದು ಮಾರಾಟಗಾರನಲ್ಲದ ಮೂರನೆಯವರು ಅಳೆದಿದ್ದಾರೆಯೇ? ಅಕರ್ಲಾಫ್ ತೋರಿಸಿದ ಅಜ್ಞಾನದ ಕಂದಕವನ್ನು ಮುಚ್ಚಲು ಇಂಥ ಸ್ವತಂತ್ರ ಅಳತೆಯಷ್ಟು ನೇರವಾದ ದಾರಿ ಇನ್ನೊಂದಿಲ್ಲ.

ಟೋಕಿಯೊ ಮತ್ತು ಅಮೆರಿಕದ ತಂತ್ರಜ್ಞರು ಇಪ್ಪತ್ತು ವರ್ಷ ಪೈಪೋಟಿ ನಡೆಸಿ ಕಲಿತದ್ದನ್ನು ನಾವು ಮೊದಲಿನಿಂದ ಕಲಿಯಬೇಕಿಲ್ಲ. ಅವರ ಗ್ರಾಹಕ ಕೆಟ್ಟ ಆಟ ಕೊಂಡರೆ ಕಳೆದುಕೊಳ್ಳುವುದು ಕೆಲವು ಸಾವಿರ ರೂಪಾಯಿ. ನಮ್ಮ ಸಿಮ್ಯುಲೇಟರ್ ಸುಳ್ಳು ಕಲಿಸಿದರೆ ಅದರ ಬೆಲೆ ತೆರುವವರು ಅದರಲ್ಲಿ ಎಂದೂ ಕೂರದವರು, ರಸ್ತೆ ದಾಟಲು ಕಾದು ನಿಂತವರು.