ಪಖವಾಜಿನ ಪೆಟ್ಟಿಗೆ ಯಾವ ಡಿಸ್ಕ್?

ಅಫಜಲಪುರದ ಭೀಮೆಯ ನೀರು ಕುಡಿದು ಬೆಳೆದವನು ನಾನು; ಈಗ ಅದೇ ಹೊಳೆಯ ಮೇಲುಗಡೆ, ಇಂದಾಪುರದಲ್ಲಿ ಸಣ್ಣ ಸ್ಟುಡಿಯೊ. ತುಕಾರಾಮರ ಪಾಲಖಿ ಊರಿಗೆ ಬರುವ ಮುನ್ನ ಅಭಂಗಗಳ ಕೆಲಸ ಕೈತುಂಬ. ಒಮ್ಮೆ ಪಿಟೀಲುಗಳೆಲ್ಲ ಒಟ್ಟಿಗೆ ಏಳುವಲ್ಲೇ ಧ್ವನಿ ಚಟ್ಟನೆ ಕಡಿಯಿತು. ಕಾರಣ, ಹಳೆಯ ಹಾರ್ಡ್ ಡಿಸ್ಕ್.

ಆ ಪಿಟೀಲುಗಳು ಮುದ್ರಿಸಿಟ್ಟ ಸ್ವರಗಳು, ಅಂದರೆ ಸ್ಯಾಂಪಲ್‌ಗಳು. ಅವನ್ನು ನುಡಿಸುವ ತಂತ್ರಾಂಶವಾದ ಸ್ಯಾಂಪ್ಲರ್ ಪ್ರತಿ ಸ್ವರದ ಆರಂಭದ ತುಣುಕನ್ನಷ್ಟೇ ರ್‍ಯಾಮ್‌ನಲ್ಲಿ ಇಟ್ಟುಕೊಂಡು, ಉಳಿದದ್ದನ್ನು ನುಡಿಸುತ್ತಿರುವಾಗಲೇ ಡಿಸ್ಕಿನಿಂದ ಎಳೆಯುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಯಲ್ಲಿ ಒಂದೊಂದು ಹುಡುಕಾಟಕ್ಕೂ ಸುಮಾರು 10 ಮಿಲಿಸೆಕೆಂಡು ಬೇಕು. ನೂರಾರು ಸ್ವರ ಒಮ್ಮೆಲೇ ಕೇಳಿದರೆ ಅದು ಎಲ್ಲಿಂದ ಕೊಟ್ಟೀತು? ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ.

ಹಾಗೆಂದು ಸೆಕೆಂಡಿಗೆ 3500 ಎಂಬಿ ಓದುವ ಎನ್‌ವಿಎಂಇ ಎಸ್‌ಎಸ್‌ಡಿಗೆ ಸಾಲ ಮಾಡಬೇಡಿ. ಸ್ಯಾಂಪಲ್ ಒಮ್ಮೆ ಬರೆದು ಸಾವಿರ ಸಲ ಓದುವ ಸರಕು. 500 ಎಂಬಿ ವೇಗದ ಸಾಟಾ ಎಸ್‌ಎಸ್‌ಡಿ ನಮ್ಮಂಥವರಿಗೆ ಧಾರಾಳ ಸಾಕು. ಉಳಿದ ದುಡ್ಡು ರ್‍ಯಾಮ್‌ಗೆ ಹಾಕಿ.

ಹಳೆಯ ಡಿಸ್ಕನ್ನೂ ಎಸೆಯಬೇಡಿ, ಬ್ಯಾಕಪ್‌ಗೆ ಇರಲಿ. ಇಲ್ಲಿನ ಹಿರಿಯ ವಾರಕರಿಯೊಬ್ಬರ ಪಖವಾಜಿನ ಪೆಟ್ಟುಗಳನ್ನು ಒಂದೊಂದಾಗಿ ಮುದ್ರಿಸಿಕೊಂಡಿದ್ದೆ, ಎಡಗಡೆ ಹಸಿ ಕಣಕ ಮೆತ್ತಿದ ಆ ಗಂಭೀರ ನಾದ. ಅವರು ಈಗಿಲ್ಲ. ಆ ಫೋಲ್ಡರಿನ ಮೂರು ಪ್ರತಿ ಇಟ್ಟಿದ್ದೇನೆ. ಒಂದು ಅಫಜಲಪುರದ ಮನೆಯಲ್ಲಿ, ಅವ್ವನ ಟ್ರಂಕಿನಲ್ಲಿದೆ.