ಗಟ್ಟಿ ಹಣ್ಣನ್ನು ಬೈದು ಏನು ಬಂತು?

ನಮ್ಮ ಹೊಸೂರು, ರಾಯಕೋಟೆ ಕಡೆ ಒಂದು ಮಾತು ಬೇರೂರಿಬಿಟ್ಟಿದೆ. "ಈ ಗಟ್ಟಿ ಟಮೋಟಕ್ಕೆ ಏನೋ ಜೀನ್ ಚುಚ್ಚವ್ರೆ, ಅದಕ್ಕೇ ಗೋಡೆಗೆ ಹೊಡೆದ್ರೂ ಒಡೆಯಲ್ಲ" ಅಂತ. ಓದಿದ ಮೇಷ್ಟರೂ ಹೌದು ಅಂತ ತಲೆಯಾಡಿಸುತ್ತಾರೆ. ಈ ಮಾತು ಸುಳ್ಳು. ಸುಳ್ಳಿನ ನಷ್ಟ ಬೆಳೆಗಾರನ ತಲೆಗೇ ಬರುತ್ತದೆ.

ನಮ್ಮ ದೇಶದಲ್ಲಿ ಹೊರಗಿನ ಜೀನ್ ಸೇರಿಸಿದ ಟೊಮೆಟೊ ಬೆಳೆದು ಮಾರಲು ಅನುಮತಿಯೇ ಇಲ್ಲ. ಅಮೆರಿಕದಲ್ಲಿ ಜೀನ್ ತಿದ್ದಿದ ಟೊಮೆಟೊ 1994ರಲ್ಲಿ ಅಂಗಡಿಗೆ ಬಂದು, ಕೆಲವೇ ವರ್ಷದಲ್ಲಿ ಮಾಯವಾಯಿತು. ನಮ್ಮ ಹೊಲದ ಗಟ್ಟಿ ಹಣ್ಣು ಗಿಡಕ್ಕೆ ಗಿಡ ಕೂಡಿಸಿ ಮಾಡಿದ ತಳಿ.

ಹಾಗಾದರೆ ಜೀನ್ ನಕ್ಷೆ ಅಂತಾರಲ್ಲ, ಅದೇನು? ಅದು ಸರ್ವೆ ಕೆಲಸ. ಗಟ್ಟಿ ತಳಿಯನ್ನೂ ಮೆತ್ತನೆ ತಳಿಯನ್ನೂ ಕೂಡಿಸುತ್ತಾರೆ. ಮೊಮ್ಮಕ್ಕಳ ಪೀಳಿಗೆಯಲ್ಲಿ ಕೆಲವು ಗಿಡದ ಹಣ್ಣು ಗಟ್ಟಿ, ಕೆಲವು ಮೆತ್ತಗೆ. ಪ್ರತಿ ಗಿಡದ ಹಣ್ಣನ್ನೂ ಒತ್ತಿ ಅಳೆದು, ಗಟ್ಟಿ ಹಣ್ಣಿನ ಗಿಡಗಳಲ್ಲೆಲ್ಲ ಡಿಎನ್‌ಎಯ ಯಾವ ತುಂಡು ಸಮಾನವಾಗಿದೆ ಎಂದು ಹುಡುಕುತ್ತಾರೆ. ಟೊಮೆಟೊದ 12 ವರ್ಣತಂತುಗಳಲ್ಲಿ ಆ ಗುಣದ ಸರ್ವೆ ನಂಬರು ಸಿಗುತ್ತದೆ. ಹೊಲ ಅಳೆದವನು ಹೊಲಕ್ಕೆ ವಿಷ ಹಾಕಿದ ಅನ್ನುತ್ತೇವೆಯೇ?

ಆ ನಕ್ಷೆ ಹೇಳುವುದನ್ನು ಸ್ವಲ್ಪ ಕೇಳಿ. 5ನೇ ವರ್ಣತಂತುವಿನಲ್ಲಿ 'ರಿನ್' ಎಂಬ ಗುಣವಿದೆ. 1968ರಲ್ಲಿ ವರದಿಯಾದದ್ದು. ತಂದೆ ತಾಯಿ ಗಿಡಗಳಲ್ಲಿ ಒಂದರಿಂದ ಅದು ಬಂದರೆ ಸಾಕು, ಹಣ್ಣು ನಿಧಾನವಾಗಿ ಮಾಗುತ್ತದೆ, ಬಹಳ ದಿನ ಗಟ್ಟಿಯಾಗಿರುತ್ತದೆ. ಆದರೆ ಪರಿಮಳ, ರುಚಿ ಕುಗ್ಗುತ್ತದೆ. ಗಟ್ಟಿ ಹಣ್ಣು ಸಪ್ಪೆ ಅನ್ನುವ ದೂರಿಗೆ ಇದೊಂದು ಕಾರಣ. 2020ರಲ್ಲಿ ಚೀನಾದ ವಿಜ್ಞಾನಿಗಳು 'ಫಿಸ್1' ಎಂಬ ಬೇರೊಂದು ಜಾಗ ಗುರುತಿಸಿದರು. ಅದು ಸಿಪ್ಪೆಯ ಮೇಣವನ್ನು ಹೆಚ್ಚಿಸಿ ಹಣ್ಣನ್ನು ಗಟ್ಟಿ ಮಾಡುತ್ತದೆ, ತೂಕವೂ ರುಚಿಯೂ ಕೆಡುವುದಿಲ್ಲ. ಅಂದಮೇಲೆ ಗಟ್ಟಿ ಬೇಕಾದರೆ ರುಚಿ ಬಿಡಲೇಬೇಕು ಅನ್ನುವ ನೆಪ ಇನ್ನು ನಡೆಯದು.

"ನಾಟಿ ಹಣ್ಣೇ ಬೆಳೀರಿ" ಅಂತ ಬುದ್ಧಿ ಹೇಳುವವರಿದ್ದಾರೆ. ಲಾರಿಯಲ್ಲಿ ಚೆನ್ನೈ ಸೇರುವಷ್ಟರಲ್ಲಿ ಬಾಕ್ಸಿನ ತಳದ ಹಣ್ಣು ರಸವಾದರೆ ದುಡ್ಡು ಅವರು ಕೊಡ್ತಾರಾ? ಗಟ್ಟಿತನ ವ್ಯಾಪಾರಿಗೆ ಎಷ್ಟು ಬೇಕೋ ರೈತನಿಗೂ ಅಷ್ಟೇ ಬೇಕು. ತಪ್ಪಿರುವುದು ಬೇರೆ ಕಡೆ. ತಳಿ ಮಾಡುವವರ ಮುಂದೆ ಮಂಡಿ ತನ್ನ ಬೇಡಿಕೆ ಇಟ್ಟಿತು, ಲಾರಿ ತನ್ನದನ್ನು ಇಟ್ಟಿತು. ಬೆಳೆದವನೂ ತಿನ್ನುವವನೂ ಬಾಯಿ ಬಿಡಲಿಲ್ಲ.

ಈಗಲಾದರೂ ಬಾಯಿ ಬಿಡಿ. ಬೀಜದಂಗಡಿಯಲ್ಲಿ "ಇದರ ಗಟ್ಟಿತನ ರಿನ್‌ದಾ, ಬೇರೆಯದಾ?" ಅಂತ ಕೇಳಿ. ಉತ್ತರ ಬರದಿದ್ದರೂ ಕೇಳಿ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯ, ಹೆಸರಘಟ್ಟದ ತೋಟಗಾರಿಕಾ ಸಂಸ್ಥೆ ನಡೆಯುವುದು ನಮ್ಮ ತೆರಿಗೆಯಲ್ಲಿ. ನಮ್ಮ ಹುಳಿ ನಾಟಿಗೇ ಗಟ್ಟಿ ಸಿಪ್ಪೆ ಕೂಡಿಸಿ ಕೊಡಿ, ಹೈಬ್ರಿಡ್ ಬೇಡ, ಬೀಜ ಎತ್ತಿಟ್ಟುಕೊಳ್ಳುವಂಥ ತಳಿ ಬೇಕು ಅಂತ ಊರಿನವರೆಲ್ಲ ಸೇರಿ ಅರ್ಜಿ ಬರೆಯೋಣ. ಎತ್ತಿಟ್ಟ ಬೀಜ ಮತ್ತೆ ಬಿತ್ತುವ ಹಕ್ಕನ್ನು 2001ರ ಕಾಯ್ದೆಯೇ ರೈತನಿಗೆ ಕೊಟ್ಟಿದೆ. ಮೇಷ್ಟರೇ, ಅರ್ಜಿ ಬರೆದುಕೊಡುವ ಕೆಲಸ ನಿಮ್ಮದು.