ಓಟಗಾರನಿಗೆ ಒಂದೇ ಪರೀಕ್ಷೆಯೇ?

ಬೇಸ್‌ಬಾಲ್ ಆಟದಲ್ಲಿ ಚೆಂಡನ್ನು ಪ್ರೇಕ್ಷಕರ ನಡುವೆ ಕೆಡಹುವವನಿಗೆ ಜಯಘೋಷ. ಚೆಂಡನ್ನು ಸಂದಿಯಲ್ಲಿ ನೂಕಿ, ಓಡಿಯೇ ಗೆಲ್ಲಿಸುವವನಿಗೆ ಮರೆವು. ಈ ತಾರತಮ್ಯವನ್ನು ನಾನು ಒಪ್ಪಲಾರೆ. ಕೆನ್ನಿ ಲಾಫ್ಟನ್ ಅವರಿಗಾದ ಅನ್ಯಾಯವೇ ಇದಕ್ಕೆ ನಿದರ್ಶನ.

1991ರಿಂದ 2007ರವರೆಗೆ ಹನ್ನೊಂದು ತಂಡಗಳಿಗೆ ಆಡಿದ ಲಾಫ್ಟನ್ ಸೆಂಟರ್ ಫೀಲ್ಡರ್. ಎಂದರೆ ಮೈದಾನದ ಹಿಂಬದಿಯ ನಟ್ಟನಡುವಿನ ವಿಶಾಲ ಪ್ರದೇಶವನ್ನು ಕಾಯುವವರು. ಅದಕ್ಕಾಗಿ ನಾಲ್ಕು ಬಾರಿ ಗೋಲ್ಡ್ ಗ್ಲವ್ ಪ್ರಶಸ್ತಿ. ಬ್ಯಾಟಿಂಗ್ ಸರಾಸರಿ .299, ಹಿಟ್‌ಗಳು 2,428. ಎಸೆತಗಾರನ ಕಣ್ಣು ತಪ್ಪಿಸಿ ಮುಂದಿನ ಬೇಸ್‌ಗೆ ಓಡಿ ಸೇರುವುದನ್ನು ‘ಬೇಸ್ ಕದಿಯುವುದು’ ಎನ್ನುತ್ತಾರೆ. ಅಂಥ ಕಳವು 622! 1992ರಿಂದ 1996ರವರೆಗೆ ಸತತ ಐದು ವರ್ಷ ಅಮೆರಿಕನ್ ಲೀಗ್‌ನಲ್ಲಿ ಅವರದೇ ಅಗ್ರಸ್ಥಾನ.

1995ರ ಲೀಗ್ ಫೈನಲ್ ಸರಣಿಯ ಆರನೆಯ ಪಂದ್ಯದಲ್ಲಿ ಎದುರಿಗಿದ್ದವರು ರ್‍ಯಾಂಡಿ ಜಾನ್ಸನ್. ಲಾಫ್ಟನ್ ಚೆಂಡನ್ನು ಮೆಲ್ಲನೆ ತಟ್ಟಿ ಮೊದಲ ಬೇಸ್ ಸೇರಿದರು, ಎರಡನೆಯದನ್ನು ಕದ್ದರು, ಕ್ಯಾಚರ್ ಕೈತಪ್ಪಿದ ಒಂದೇ ಚೆಂಡಿಗೆ ಅಲ್ಲಿಂದ ನೇರ ಓಡಿ ರನ್ ಗಳಿಸಿದರು. ಗೆದ್ದ ಕ್ಲೀವ್‌ಲ್ಯಾಂಡ್ ತಂಡ 1954ರ ನಂತರ ಮೊದಲ ಬಾರಿಗೆ ವರ್ಲ್ಡ್ ಸೀರೀಸ್ ಪ್ರವೇಶಿಸಿತು.

ಇಂಥವರ ಹೆಸರು 2013ರಲ್ಲಿ ಹಾಲ್ ಆಫ್ ಫೇಮ್ ಗೌರವಕ್ಕಾಗಿ ಬೇಸ್‌ಬಾಲ್ ಬರಹಗಾರರ ಮುಂದೆ ಬಂದಾಗ, 569 ಮತಪತ್ರಗಳಲ್ಲಿ ದೊರೆತದ್ದು ಕೇವಲ 18 ಮತ. ಶೇಕಡಾ 5ರಷ್ಟೂ ಮತ ಬಾರದವರು ಆ ಪಟ್ಟಿಯಿಂದ ಕಾಯಂ ಆಗಿ ಹೊರಬೀಳುತ್ತಾರೆ. ಒಬ್ಬ ಮತದಾರ ಹತ್ತು ಹೆಸರುಗಳಿಗಿಂತ ಹೆಚ್ಚು ಬರೆಯುವಂತಿಲ್ಲ. ಆ ವರ್ಷದ ಚರ್ಚೆಯನ್ನೆಲ್ಲ ಬ್ಯಾರಿ ಬಾಂಡ್ಸ್, ರೋಜರ್ ಕ್ಲೆಮೆನ್ಸ್ ಅವರ ಉದ್ದೀಪನ ಮದ್ದಿನ ವಿವಾದವೇ ನುಂಗಿತು. ಅವರ ಹೆಸರುಗಳು 2022ರವರೆಗೆ, ಹತ್ತು ಬಾರಿ, ಮತಕ್ಕೆ ಬಂದವು. ಲಾಫ್ಟನ್‌ಗೆ ಎರಡನೆಯ ಅವಕಾಶವೂ ಇಲ್ಲ!

‘ಯೋಗ್ಯತೆಯಿದ್ದರೆ ಮತ ಬರುತ್ತಿತ್ತು’ ಎನ್ನುವವರಿದ್ದಾರೆ. ಬೇಸ್ ಕದಿಯುವುದರಲ್ಲಿ ಅಷ್ಟೇ ನಿಪುಣರಾದ ಟಿಮ್ ರೇನ್ಸ್ 2008ರಲ್ಲಿ ಪಡೆದದ್ದು ಶೇಕಡಾ 24.3; ಹತ್ತನೆಯ ಹಾಗೂ ಕೊನೆಯ ಅವಕಾಶದಲ್ಲಿ, 2017ರಲ್ಲಿ, ಶೇಕಡಾ 86. ಆ ನಡುವೆ ರೇನ್ಸ್ ಒಂದು ಹಿಟ್ಟನ್ನೂ ಹೊಡೆದಿರಲಿಲ್ಲ. ಬದಲಾದದ್ದು ಮತದಾರರ ತಿಳಿವಳಿಕೆ.

‘ಹಳಬರನ್ನು ಪರಿಶೀಲಿಸಲು ಸಮಿತಿಯಿದೆಯಲ್ಲ’ ಎಂಬುದು ಇನ್ನೊಂದು ಸಮಾಧಾನ. ಲಾಫ್ಟನ್‌ರಂತೆಯೇ ಸೆಂಟರ್ ಫೀಲ್ಡರ್ ಆಗಿದ್ದ ರಿಚಿ ಆ್ಯಶ್‌ಬರ್ನ್ ಆಟ ಬಿಟ್ಟದ್ದು 1962ರಲ್ಲಿ. ಸಮಿತಿ ಆರಿಸಿದ್ದು 1995ರಲ್ಲಿ. ಅವರು ತೀರಿಕೊಂಡದ್ದು 1997ರಲ್ಲಿ.

ನಮ್ಮಲ್ಲಿ ಅನುತ್ತೀರ್ಣನಾದ ಹುಡುಗನಿಗೂ ಪೂರಕ ಪರೀಕ್ಷೆಯುಂಟು. ಮೊದಲ ಮೂರು ವರ್ಷವಾದರೂ ಶೇಕಡಾ 5ರ ಆ ಕತ್ತರಿಯನ್ನು ಕೆಳಗಿಡಲಿ. ಉತ್ತರಪತ್ರಿಕೆಯನ್ನು ಸರಿಯಾಗಿ ಓದದೆ ಅಂಕ ಕೊಡುವವನು ಪರೀಕ್ಷಕನಲ್ಲ.